ಬೋರ್ಡಿಲ್ಲದ ಶೆಡ್ಡಿನ ದೀಪಾನೂ ನಮ್ಮ ಖಾನಾವಳಿ ಕೆಂಪ ಚಟ್ನೀನೂ

ಮೊದಲ ನಂದೊಂದು ತಪ್ಪು ಒಪ್ಪಿಕೊಂಡು ಮುಂದ ಹೋಗತೇನಿ. ಹೋದ ವರ್ಷ ಬ್ಯಾಡಗಿಯ ನಮ್ಮ ಮೆಣಸಿನಕಾಯಿ ವ್ಯಾಪಾರಸ್ಥರಿಗೆ ಫೋನ್ ಹಚ್ಚಿ ಬಾಯಿಗೆ ಬಂದಂಗ ಮಾತಾಡಿದೆ. "ಹದಿನೆಂಟು ವರ್ಷದ ಗಿರಾಕಿ ನಾನು. ಕೋಲ್ಡ್ ಸ್ಟೋರೇಜಿನ ಹಳೇ ಕಾಯಿ ಕಟ್ಟಿ ಕಳಿಸೀರಲ್ಲ, ಚಟ್ನಿಗೆ ಬಣ್ಣಾನ ಏರವಲ್ದು" ಅಂದೆ. ಪಾಪ, ಅವ್ರು "ಇಲ್ರಿ ಸಾವಕಾರ್ರ, ಈ ಸಾಲಿನ ಡಬ್ಬಿ ಜಾತಿ ಕಾಯಿನ ಕಳಿಸೇವಿ" ಅಂತ ಹೇಳಕೋತನ ಇದ್ರು. ನಾ ಫೋನ್ ಇಟ್ಟುಬಿಟ್ಟೆ.

ಕಾಯಾಗ ಏನೂ ಐಬು ಇರಲಿಲ್ಲ. ಐಬು ಇದ್ದದ್ದು ನನ್ನ ತಲಿ ಮ್ಯಾಲಿನ ಲೈಟಿನಾಗ.

ನಮ್ದು ಗದಗಿನಾಗ ಖಾನಾವಳಿ. ಅಪ್ಪನ ಕಾಲಕ್ಕ ನಾಕು ಬಾಕು, ಎರಡು ಟ್ಯೂಬ್‌ಲೈಟು, ಒಂದು ಗಲ್ಲಾ. ಈಗ ಎಂಟು ಟೇಬಲ್ ಆಗ್ಯಾವ. ಹೋದ ವರ್ಷ ಹಾಲ್ ರಿಪೇರಿ ಮಾಡಿಸುವಾಗ ಇಂಟೀರಿಯರ್ ಮಾಡ್ತೇನಂತ ಒಬ್ರು ಬಂದ್ರು. ಮ್ಯಾಲ ಪಿಓಪಿ ಹಚ್ಚಿ, ಎರಡು ಫೂಟ್ ಚೌಕದ ಹತ್ತು ಪ್ಯಾನೆಲ್ ಲೈಟ್ ಕುಂಡ್ರಿಸಿದ್ರು. ಒಂದೊಂದು 36 ವ್ಯಾಟ್. ಬಟನ್ ಒತ್ತಿದ ಕೂಡಲೇ ಬೆಳ್ಳಗ ಹಾಲಿನಂಥಾ ಬೆಳಕು. ನಾನೂ ಖುಷಿ ಪಟ್ಟೆ, ಸುಳ್ಳ್ಯಾಕ ಹೇಳ್ಲಿ. ಎಂಟು ದಿನದಾಗ ಒಬ್ಬ ಹಳೇ ಗಿರಾಕಿ, ರಿಟೈರ್ ಆದ ಮಾಸ್ತರು, ದಿನಾ ರಾತ್ರಿ ಎರಡು ರೊಟ್ಟಿ ಉಣ್ಣಾಕ ಬರಾವ್ರು, ತಾಟು ನೋಡಿ "ಏನಪಾ, ಎಣಗಾಯಿ ಮುಂಜಾನಿದೇನು?" ಅಂದ್ರು. ಆಗ ರಾತ್ರಿ ಎಂಟು ಗಂಟೆ. ಎಣಗಾಯಿ ಒಲಿ ಮ್ಯಾಲಿಂದ ಇಳಿಸಿ ಹತ್ತು ಮಿನಿಟ್ ಆಗಿತ್ತು.

ನೋಡಿದ್ರ ಖರೇನ, ಬದನಿಕಾಯಿ ಸಿಪ್ಪಿ ಬೂದಿ ಬಣ್ಣ. ಕೆಂಪ ಚಟ್ನಿ ಕಂದು. ಜುಣಕ ಹಸಿರ ಹಳದಿ, ಕಾಯಿಲಿ ಬಿದ್ದವರ ಮಾರಿ ಇದ್ದಂಗ. ಶೇಂಗಾ ಚಟ್ನಿ ಅಂತೂ ಸಿಮೆಂಟು. ಅವತ್ತ ನಾ ಬ್ಯಾಡಗಿಗೆ ಫೋನ್ ಹಚ್ಚಿದ್ದು. ಖಾರದ ಡಬ್ಬಿ ಹಿಡಕೊಂಡು ಹೊರಗ ಬಿಸಲಾಗ ನೋಡಬೇಕನ್ನೂ ಬುದ್ಧಿ ಬಂದದ್ದು ಮರುದಿನ ಮುಂಜಾನಿ. ಹೊರಗ ನೋಡಿದ್ರ ಕುಂಕುಮ ಇದ್ದಂಗ ಕೆಂಪ! ಬ್ಯಾಡಗಿ ಕಾಯಿ ಹೆಸರಾದದ್ದ ಖಾರಕ್ಕಲ್ಲ, ಬಣ್ಣಕ್ಕ. 2011ರಾಗ ಜಿಐ ಗುರುತು (ಈ ಮಾಲು ಈ ಊರ ಕಡೇದ ಅಂತ ಕೊಡೂ ಸರಕಾರಿ ಗುರುತು) ಸಿಕ್ಕ ಕಾಯಿ ಅದು. ಅದನ್ನ ಕಂದು ಮಾಡಿ ತೋರಸೂವಂಥಾ ಲೈಟಿಗೆ ನಾ ರೊಕ್ಕ ಕೊಟ್ಟು ತಂದಿದ್ದೆ.

ಇನ್ನ ಈ ಶೆಡ್ಡಿನ ಮಾತಿಗೆ ಬರತೇನಿ.

ಹುಬ್ಬಳ್ಳಿಯ ಗೋಕುಲ ರೋಡಿನ ಇಂಡಸ್ಟ್ರಿಯಲ್ ಏರಿಯಾದಾಗ, ಲೇಥ್ ಮಷೀನ್‌ಗೋಳ ಸಪ್ಪಳದ ನಡಕ, ದೀಪ ಮಾಡಿಕೊಡೂ ಒಂದು ಪತ್ರಾಸಿನ ಶೆಡ್ ಐತಿ. ಬೋರ್ಡ್ ಇಲ್ಲ. ಬಾಗಲ ಮ್ಯಾಲ ಹಗಲೂ ರಾತ್ರಿ ಒಂದು ದೀಪ ಉರಿತಿರತೈತಿ, ಹಳೇ ಗ್ಯಾಸ್ ಬತ್ತಿಯ ಗಾಜು ಟೊಪ್ಪಿಗಿ ತಗೊಂಡು ಮಾಡಿದ್ದು. ಅದ ಬೋರ್ಡಂತ. ಒಳಗ ಕೆಲಸ ಮಾಡಾವ್ರು ಇಬ್ರು, ಅಪ್ಪ (ಅವನ್ನ ಕಾಕಾ ಅಂತೇನಿ) ಮತ್ತ ಮಗಳು, ಜೋಡಿ ಮೂರು ಮಂದಿ ಹುಡುಗ್ರು. ಕಾಕಾನ ಮನಿತನದವ್ರು ಮೊದಲ ಮದಿವಿಗೆ, ಜಾತ್ರಿಗೆ ಗ್ಯಾಸ್ ಬತ್ತಿ ಬಾಡಿಗಿ ಕೊಡ್ತಿದ್ರಂತ. ಮಗಳು ಡಿಸೈನ್ ಓದ್ಯಾಳ. ಕಂಪ್ಯೂಟರಿನಾಗ ಅಕಿ ಬರೀತಾಳ, ಕಬ್ಬಣದ ಮ್ಯಾಲ ಕಾಕಾ ಬರೀತಾನ. ಇಬ್ಬರಿಗೂ ದಿನಕ್ಕೊಂದ ಜಗಳ. ಗಿರಾಕಿ ಮುಂದನ ಆಡ್ತಾರ, ಅದೊಂದು ಮಜಾ.

ನಾ ಹೋದ ಕೂಡಲೇ ಮೊಬೈಲಿನಾಗ ಒಂದು ದೊಡ್ಡ ಹೋಟೆಲಿನ ಝುಮ್ಮರಿನ ಫೋಟೋ ತೋರಿಸಿ "ಇಂಥಾವು ಎಂಟು ಬೇಕು" ಅಂದೆ. ಕಾಕಾ ಫೋಟೋ ನೋಡಲೇ ಇಲ್ಲ. "ನಿಮ್ಮಲ್ಲಿ ಉಣ್ಣಾಕ ಏನ ಬಡಸ್ತೀರಿ?" ಅಂತ ಕೇಳಿದ. ಹೇಳಿದೆ. "ಹಂಗಾರ ಮುಂದಿನ ಸಲ ಬರುವಾಗ ಒಂದು ತಾಟಿನಷ್ಟು ಕಟಗೊಂಡು ಬರ್ರಿ. ದೀಪದ ಮಾತು ಆಮ್ಯಾಲ." ನನಗ ಒಳಗ ಸಿಟ್ಟ ಬಂತು. ಗದಗಿನಿಂದ ಹುಬ್ಬಳ್ಳಿಗೆ ಬಂದಾಂವಗ ಬುತ್ತಿ ತಾ ಅಂತ ಹೇಳಿ ಕಳಸ್ತಾನಲ್ಲ ಅಂತ. ಆದ್ರೂ ಮುಂದಿನ ಬುಧವಾರ ಎಣಗಾಯಿ, ರಂಜಕ (ಅದ ಕೆಂಪ ಚಟ್ನಿ), ಮಡಕಿಕಾಳು ಪಲ್ಯ, ಜುಣಕ, ನಾಕು ಬಿಸಿ ರೊಟ್ಟಿ, ಉಳ್ಳಾಗಡ್ಡಿ, ಹಸಿ ಮೆಂತೆ ತಪ್ಪಲ ಎಲ್ಲಾ ಕಟಗೊಂಡು ಹೋದೆ.

ಆ ಮಧ್ಯಾಹ್ನ ನಾ ಕಲ್ತದ್ದು ಬರದರ ಇದ ಒಂದು ಪುಸ್ತಕ ಆದೀತು. ಶೆಡ್ಡಿನ ಕತ್ತಲಿ ಖೋಲ್ಯಾಗ ಮೂರು ಬಲ್ಬ್ ಸಾಲಾಗಿ ಜೋತು ಬಿಟ್ಟಿದ್ರು. ಮೂರೂ ಕಣ್ಣಿಗೆ ಸುಮಾರು ಅಷ್ಟ ಬೆಳಕು. ತಾಟು ಒಂದರ ಕೆಳಗಿಂದ ಇನ್ನೊಂದರ ಕೆಳಗ ಸರಸ್ಕೋತ ಹೋದ್ರು. ಮೊದಲನೇದು 6500 ಕೆಲ್ವಿನ್ (ಬೆಳಕು ಹಳದಿಯೋ ಬಿಳೇದೋ ಅಂತ ಹೇಳೂ ಅಳತಿ), ನಮ್ಮ ಪ್ಯಾನೆಲ್ ಥರದ್ದ. ಅದರ ಕೆಳಗ ಅದ ಸತ್ತ ಎಣಗಾಯಿ. ಎರಡನೇದು 3000 ಕೆಲ್ವಿನ್, ಹಳದಿ ಬೆಳಕು. ತಾಟು ಬೆಚ್ಚಗಾತು, ಆದ್ರ ಎಲ್ಲಾದಕ್ಕೂ ಅರಿಷಿಣ ನೀರು ಚುಮುಕಿಸಿದಂಗ. ರಂಜಕ ಇನ್ನೂ ಇಟ್ಟಂಗಿ ಬಣ್ಣಾನ ಇತ್ತು. ಮೂರನೇದೂ 3000 ಕೆಲ್ವಿನ್ನ. ತಾಟು ಅದರ ಕೆಳಗ ಸರಿಸಿದ್ರ, ಏನ ಹೇಳ್ಲಿ, ರಂಜಕ ಕೆಂಪಾತು. ಬದನಿಕಾಯಿ ತೊಟ್ಟು ಹಸಿರು, ಹೊಟ್ಟಿ ನೇರಳಿ, ಮಸಾಲಿ ಮ್ಯಾಲಿನ ಎಣ್ಣಿ ಮಿಂಚಾಕ ಹತ್ತು. ಶೆಡ್ಡಿನ ಹುಡುಗ್ರು ಮೂರು ಮಂದಿ ಆಗಲೇ ಕೈ ತೊಳಕೊಂಡು ನಿಂತಿದ್ರು.

"ಎರಡೂ ಹಳದಿನ, ಮತ್ತ ಇದ್ಯಾಕ ಹಿಂಗ?" ಅಂತ ಕೇಳಿದೆ. ಕಾಕಾನ ಮಗಳು ಹೇಳಿದ್ದನ್ನ ನನಗ ತಿಳಿದಂಗ ಹೇಳತೇನಿ. ಬಿಳೇ ಎಲ್‌ಇಡಿ ಅನ್ನೂದು ಹುಟ್ಟಾ ಬಿಳೇದಲ್ಲ. ಒಳಗಿನ ಚಿಪ್ ನೀಲಿ ಬೆಳಕು ಕೊಡತೈತಿ, ಅದರ ಮ್ಯಾಲ ಹಚ್ಚಿದ ಹಳದಿ ಪುಡಿ ಅದನ್ನ ಬಿಳೇ ಮಾಡತೈತಿ. ಆ ನೀಲಿ ಎಲ್‌ಇಡಿ ಮಾಡಿದ್ದಕ್ಕನ ಜಪಾನಿನಾಗ ಹುಟ್ಟಿದ ಮೂರು ಮಂದಿಗೆ, ಅಕಾಸಾಕಿ, ಅಮಾನೊ, ನಾಕಾಮುರಾ ಅಂತ, 2014ರಾಗ ಭೌತಶಾಸ್ತ್ರದ ನೊಬೆಲ್ ಬಂತು. ಸೋವಿ ಮಾಲಿನಾಗ ಈ ಪುಡಿ ಕೆಂಪ ಬೆಳಕು ಕೊಡೂದರಾಗ ಜಿಪುಣ. ಬೆಳಕಿನಾಗ ಕೆಂಪ ಇಲ್ಲಂದ್ರ ಮೆಣಸಿನಕಾಯಿ ಎಲ್ಲಿಂದ ಕೆಂಪ ಕಾಣಬೇಕು? ಬಣ್ಣ ಎಷ್ಟು ಖರೇ ತೋರಸತೈತಿ ಅಂತ ಅಳಿಯಾಕ ಸಿಆರ್‌ಐ ಅಂತ ನೂರರ ಮ್ಯಾಲ ಒಂದು ಅಂಕಿ ಇರತೈತಿ. ಡಬ್ಬಿ ಮ್ಯಾಲ 80 ಅಂತ ಬರದಿದ್ರ ನಾವು ಫಸ್ಟ್ ಕ್ಲಾಸ್ ಅಂತ ತಿಳೀತೇವಿ. ಆದ್ರ ಆ ಅಂಕಿ ಎಂಟು ತಿಳಿ ಬಣ್ಣದ ಸರಾಸರಿ. ದಟ್ಟ ಕೆಂಪ ಅನ್ನೂದು ಒಂಬತ್ತನೇದು, ಅದನ್ನ ಆರ್‌9 ಅಂತಾರ, ಅದು ಆ ಸರಾಸರ್ಯಾಗ ಇಲ್ಲೇ ಇಲ್ಲ! ಹಂಗಾಗಿ 80 ಇದ್ದ ಬಲ್ಬು ಕೆಂಪಿನಾಗ ಸೊನ್ನಿ ತಗೊಂಡಿರಬಹುದು. ಎಂಟು ವಿಷಯದಾಗ ಪಾಸಾಗಿ, ಒಂಬತ್ತನೇ ಪೇಪರಿಗೆ ಗೈರುಹಾಜರಾದ ಹುಡುಗನಂಗ. ನಮ್ಮ ಉತ್ತರ ಕರ್ನಾಟಕದ ತಾಟಿನಾಗ ಆ ಒಂಬತ್ತನೇ ಪೇಪರಿಂದ ಎಲ್ಲಾ ಕೆಲಸ.

ಮೂರನೇ ಬಲ್ಬಿನ ಸಿಆರ್‌ಐ 90ಕ್ಕಿಂತ ಮ್ಯಾಲ, ಆರ್‌9ನೂ ಚಲೋ ಇದ್ದದ್ದು. ರೇಟ್ ಜಾಸ್ತಿ, ಅದ ವ್ಯಾಟಿಗೆ ಬೆಳಕು ಸ್ವಲ್ಪ ಕಡಿಮಿ. ಇದನ್ನ ಅಕಿನ ಬಾಯಿಬಿಟ್ಟು ಹೇಳಿದ್ಲು, ನಾ ಕೇಳಿರಲಿಲ್ಲ.

ನನಗ ಒಂದು ಸಂಶಯ ಇತ್ತು. ಕೆಲವು ಸೀರಿ ಅಂಗಡ್ಯಾಗ ಲೈಟಿನ ಕೆಳಗ ಒಂದು ಬಣ್ಣ, ಮನಿಗೆ ತಂದ ಮ್ಯಾಲ ಇನ್ನೊಂದು ಬಣ್ಣ ಆಗಿದ್ದು ಎಲ್ಲಾರಿಗೂ ಗೊತ್ತೈತಿ. ಇದೂ ಹಂಗ ಗಿರಾಕಿ ಕಣ್ಣಿಗೆ ಮಣ್ಣೆರಚೂ ಆಟ ಏನು? ಕೇಳೇಬಿಟ್ಟೆ. ಕಾಕಾ ಮಾತಾಡದ ತಾಟು ಎತ್ತಿಕೊಂಡು ಶೆಡ್ಡಿನ ಹೊರಗ ಬಿಸಲಿಗೆ ತಂದು ಇಟ್ಟ. "ಈಗ ನೋಡ್ರಿ, ಮತ್ತ ಒಳಗ ಬಂದು ನೋಡ್ರಿ." ಹೊರಗಿನ ರಂಜಕ, ಒಳಗಿನ ರಂಜಕ ಎರಡೂ ಒಂದ. ನಾ ಸುಮ್ಮನಾದೆ. ಆಮ್ಯಾಲ ಎಲ್ಲಾರೂ ಕೂಡಿ ಆ ತಾಟು ಖಾಲಿ ಮಾಡಿದ್ವಿ. ನಾಕು ರೊಟ್ಟಿ ಆರು ಮಂದಿಗೆ ಎಲ್ಲಿ ಸಾಲತಾವ, ಕಾಕಾ ಬಾಜೂ ಹೋಟೆಲಿನಿಂದ ಇಡ್ಲಿ ತರಿಸಿದ. ದೀಪದ ಆಕಾರದ ಮಾತು ತಗದದ್ದು ಚಾ ಕುಡಿದ ಮ್ಯಾಲ.

ನನಗ ರೊಟ್ಟಿ ಬುಟ್ಟಿ ಬೋರಲು ಹಾಕಿ ದೀಪ ಮಾಡಿಸೂ ಆಸೆ ಇತ್ತು, ಮೇದಾರರ ಕಡೆ ಹೆಣಿಸಿ. ಮಗಳಿಗೂ ಆ ವಿಚಾರ ಸೇರಿತ್ತು. ಕಾಕಾ ಒಲ್ಲೆ ಅಂದ. "ಖಾನಾವಳ್ಯಾಗ ದಿನಾ ಒಗ್ಗರಣಿ ಹೊಗಿ. ಬಿದರಿನ ಸಂದ್ಯಾಗ ಎಣ್ಣಿ ಜಿಡ್ಡು ಕುಂತು, ಅದರ ಮ್ಯಾಲ ಧೂಳು ಕುಂತು, ಮೂರು ತಿಂಗಳಿಗೆ ಇಲಿ ಬಾಲ ಜೋತಂಗ ಕಾಣತೈತಿ. ಮನಿ ಪಡಸಾಲಿಗೆ ಮಾಡಿ ಕೊಡತೇನಿ, ನಿಮಗಲ್ಲ." ವ್ಯಾಪಾರ ಬಿಟ್ಟುಕೊಟ್ಟು ಬುದ್ಧಿ ಹೇಳೂ ಅಂಗಡಿಕಾರರನ್ನ ನಾ ಭಾಳ ಮಂದಿ ನೋಡಿಲ್ಲ.

ಕಡೀಕ ಆಗಿದ್ದು ಲಕ್ಕುಂಡಿ ಗುಡಿ ಕಂಬದ ಆಕಾರ. ನಾವು ಗದಗಿನವ್ರು ಬೀಗರು ಬಂದಾಗೆಲ್ಲಾ ಲಕ್ಕುಂಡಿಗೆ ಕರಕೊಂಡು ಹೋಗಿ, ಆ ಕಂಬದ ಮ್ಯಾಲ ಕೈ ಆಡಿಸಿ "ನೋಡ್ರಿ, ಲೇಥಿಗೆ ಹಾಕಿ ತಿರುವಿದಂಗ ಐತಿ" ಅಂತ ಹೇಳಿ ಬಂದಿರತೇವಿ. ಚಾಲುಕ್ಯರ ಕಾಲದ ಕಲ್ಲು, ಬಳಿ ಮ್ಯಾಲ ಬಳಿ, ತಟ್ಟಿ ಮ್ಯಾಲ ತಟ್ಟಿ. ಮಗಳು ಆ ಬಳಿಗಳನ್ನ ಒಂದರಿಂದ ಒಂದು ಬಿಡಿಸಿ, ನಡಕ ಬೆರಳು ಹೋಗುವಷ್ಟು ಸಂದು ಬಿಟ್ಟು ಬರದ್ಲು. ಬಲ್ಬು ಒಳಗ ಅಡಗಿರತೈತಿ. ಬೆಳಕು ಕೆಳಗ ತಾಟಿನ ಮ್ಯಾಲ ಪೂರ್ತಿ ಬೀಳತೈತಿ, ಬಾಜೂಕ ಸಂದಿನಿಂದ ಸೋಸಿ ಬರತೈತಿ, ಕುಂತವರ ಕಣ್ಣಿಗೆ ಮಾತ್ರ ಬಲ್ಬು ಎಲ್ಲಿಂದ್ಲೂ ಕಾಣೂದಿಲ್ಲ. ಹಿಂಗ ಒಂದರ ಕೆಳಗೊಂದು ಟೊಪ್ಪಿಗಿ ಇಟ್ಟು ಕಣ್ಣು ಕುಕ್ಕದಂಗ ಮಾಡೂ ಲೆಕ್ಕಾಚಾರ ಅಕಿದಲ್ಲ. ಡೆನ್ಮಾರ್ಕಿನ ಪೌಲ್ ಹೆನ್ನಿಂಗ್ಸೆನ್ ಅನ್ನಾಂವ 1920ರ ದಶಕದಾಗನ ಮಾಡಿದ್ದ, 1958ರಾಗ ಬಂದ ಅವನ ಪಿಎಚ್5 ದೀಪ ಇವತ್ತಿಗೂ ಮಾರಾಟ ಆಗತೈತಿ ಅಂತ ಅಕಿನ ಫೋಟೋ ತಗದು ತೋರಿಸಿದ್ಲು. ಕದ್ದದ್ದನ್ನ ಎಲ್ಲಿಂದ ಕದ್ದೆ ಅಂತ ಹೇಳೂ ಗುಣ ನನಗ ಸೇರಿತು.

ಕಟ್ಟಿಗಿ ಅಚ್ಚು ಮಾಡಿ, ಅಲ್ಯೂಮಿನಿಯಂ ತಗಡಿನ ಗುಂಡನ್ನ ಲೇಥಿಗೆ ಕೊಟ್ಟು, ತಿರುಗುವಾಗ ಉದ್ದನ್ನ ಸಲಾಕಿಯಿಂದ ಒತ್ತಿ ಒತ್ತಿ ಅಚ್ಚಿನ ಮೈಗೆ ಕುಂಡ್ರಸ್ತಾರ. ಸ್ಪಿನ್ನಿಂಗ್ ಅಂತಾರ ಅದಕ್ಕ. ಕುಂಬಾರ ತಿಗರಿ ಮ್ಯಾಲ ಗಡಿಗಿ ಎತ್ತಿದಂಗ ನೋಡಾಕ. ಒಳಗ ಬಿಳೇ ಪೌಡರ್ ಕೋಟಿಂಗ್, ಹೊರಗ ಕಾವಿ ಬಣ್ಣ. ಎಂಟು ದೀಪ, ಒಂದೊಂದಕ್ಕ ₹3,400, ಒಳಗ 12 ವ್ಯಾಟಿನ ಎಲ್‌ಇಡಿ. ಹಿಂದಿನ ಹತ್ತು ಪ್ಯಾನೆಲ್ 360 ವ್ಯಾಟ್ ಎಳೀತಿದ್ವು, ಇವು ಎಂಟೂ ಕೂಡಿ 96. ಪ್ಯಾನೆಲ್ ಕಿತ್ತಿಲ್ಲ, ರಾತ್ರಿ ಬಾಗಲ ಹಾಕಿ ನೆಲ ಒರಸುವಾಗ ಹಾಕತೇವಿ. ಜಿಡ್ಡು ಕಾಣಾಕ ಅವು ಬರೋಬ್ಬರಿ.

ಹಂಗಂತ ಎಲ್ಲಾ ಸುರಳೀತ ಆತು ಅಂತ ತಿಳೀಬ್ಯಾಡ್ರಿ. ನಾಕು ವಾರದಾಗ ಕೊಡತೇನಂದಾವ್ರು ಏಳು ವಾರ ಮಾಡಿದ್ರು. ನಡಕ ದೀಪಾವಳಿ ಬಂತು. ಆಗ ಶೆಡ್ಡಿನವ್ರೆಲ್ಲಾ ಆಕಾಶಬುಟ್ಟಿ ಕಟ್ಟೂದರಾಗ ಮುಳುಗಿರತಾರ, ನಿಮ್ಮ ಫೋನ್ ಯಾರೂ ಎತ್ತೂದಿಲ್ಲ. ದಸರಾದಿಂದ ದೀಪಾವಳಿ ತನಕ ಆ ಕಡೆ ಸುಳೀಬ್ಯಾಡ್ರಿ, ಇದು ನನ್ನ ಬುದ್ಧಿಮಾತು. ಎರಡನೇದು, ದೀಪ ತೂಗು ಹಾಕೂ ಎತ್ತರ. ಟೇಬಲಿನಿಂದ ಎರಡೂವರಿ ಫೂಟ್ ಅಂತ ಮಗಳು ಬರದು ಕೊಟ್ಟಿದ್ಲು. ಮನಿ ಊಟದ ಟೇಬಲಿಗೆ ಅದು ಸರಿ. ಖಾನಾವಳ್ಯಾಗ ಹುಡುಗ್ರು ಬಕೀಟು ಹಿಡಕೊಂಡು ಬಗ್ಗಿ ಬಡಸ್ತಾರ, ಗಿರಾಕಿ ಎದ್ದು ನಿಂತು ಬಾಜೂಕಿನವ್ರಿಗೆ ನಮಸ್ಕಾರ ಮಾಡ್ತಾರ. ಮೊದಲನೇ ದಿನಾನ ಒಬ್ಬ ಎತ್ತರದ ಹುಡುಗ ಎದ್ದ, ಠಣ್ ಅಂತು. ಹಣಿ ಮ್ಯಾಲ ಗುಬಟಿ. ಅವತ್ತ ಅವನ ಊಟದ ರೊಕ್ಕ ತಗೊಳ್ಳಲಿಲ್ಲ. ಮೂರು ಫೂಟಿಗಿಂತ ಮ್ಯಾಲ ಏರಿಸಿದ್ವಿ. ಇದನ್ನ ಅವ್ರು ನನ್ನ ಹಾಲಿಗೆ ಬಂದು ನೋಡಿದ್ರ ಮೊದಲ ತಿಳೀತಿತ್ತು. ಬರಲಿಲ್ಲ. ಶೆಡ್ಡು ಬಿಟ್ಟು ಅಲುಗಾಡದ ಚಾಳಿ ಇಬ್ಬರಿಗೂ ಐತಿ, ಅದಕ್ಕ ನಾ ಅಂಕ ಕಡಿತೇನಿ.

ಮೂರನೇದು ಸ್ವಲ್ಪ ದೊಡ್ಡ ಕಿರಿಕಿರಿ. ಈಗಿನ ಹುಡುಗ್ರು ಉಣ್ಣೂಕ್ಕಿಂತ ಮೊದಲ ತಾಟಿನ ವಿಡಿಯೋ ತಗೀತಾರ. ಎರಡು ಟೇಬಲಿನ ಮ್ಯಾಲ ವಿಡಿಯೋದಾಗ ಕರೇ ಪಟ್ಟಿ ಹರದಾಡಾಕ ಹತ್ತಿದ್ವು. ಕಣ್ಣಿಗೆ ಏನೂ ಕಾಣೂದಿಲ್ಲ, ಮೊಬೈಲಿಗೆ ಕಾಣತೈತಿ. ಫೋನ್ ಮಾಡಿದ್ರ ಮಗಳು ವಿಡಿಯೋ ಕಳಸ್ರಿ ಅಂದ್ಲು, ನೋಡಿ ಕೂಡಲೇ ಒಪ್ಪಿಕೊಂಡ್ಲು. ಎಲ್‌ಇಡಿಗೆ ಕರೆಂಟ್ ಹದಾ ಮಾಡಿ ಕೊಡೂ ಡ್ರೈವರ್ ಅಂತ ಇರತೈತಿ. ಆರಕ್ಕ ಒಂದು ಮಾಲು ಹಾಕಿದ್ದರಂತ, ಸ್ಟಾಕ್ ಮುಗಿದು ಎರಡಕ್ಕ ಬ್ಯಾರೇ ಮಾಲು ಹಾಕಿದ್ದರಂತ. ಆ ಎರಡರಾಗ ಬೆಳಕು ಸೆಕೆಂಡಿಗೆ ನೂರು ಸಲ ಏರಿಳಿತಿತ್ತು. ಡ್ರೈವರ್ ಎರಡು ಬಸ್ಸಿನಾಗ ಪಾರ್ಸೆಲ್ ಕಳಿಸಿದ್ರು, ರೊಕ್ಕ ತಗೊಳ್ಳಲಿಲ್ಲ. ಹಾಕಿಸಿದ ಮ್ಯಾಲ ಪಟ್ಟಿ ಹೋದ್ವು. ಆದ್ರೂ ಮಾಲು ಬದಲ ಮಾಡುವಾಗ ಒಂದು ಮಾತು ಹೇಳಬೇಕಿತ್ತು.

ಇಷ್ಟ ಆಗಿದ್ರ ನಾ ಇದನ್ನ ಬರೀತಿದ್ದಿಲ್ಲೋ ಏನೋ. ಬರಸಾಕ ಹಚ್ಚಿದ್ದು ಅವ್ವನ ಹಂಡೆ.

ಅಟ್ಟದ ಮ್ಯಾಲ ನಮ್ಮ ಮುತ್ಯಾನ ಕಾಲದ ತಾಮ್ರದ ನೀರಿನ ಹಂಡೆ ಇತ್ತು, ತಳಕ್ಕ ಸೋರತಿತ್ತು. ಗುಜರಿಗೆ ಹಾಕಾಕ ಅವ್ವ ಬಿಡವಲ್ಲಳು. ಅದನ್ನ ಒಯ್ದು ಕಾಕಾನ ಮುಂದ ಇಟ್ಟೆ. ಕೈ ತೊಳಿಯೂ ಜಾಗಾದ ಮ್ಯಾಲ ಬೋರಲು ತೂಗಿ ಹಾಕೂದು, ಹೊಟ್ಟಿಗೆ ತೂತು ಹೊಡದು ಬೆಳಕು ಬಿಡೂದು ಅಂತ ಮಾತಾತು. ಯಾವ ಚಿತ್ತಾರ? ನನ್ನ ಹೆಂಡ್ತಿ ಕಸೂತಿ ಹಾಕತಾಳ. ಕಸೂತ್ಯಾಗ ಗೆರಿ ಬರಕೊಳ್ಳೂದಿಲ್ಲ, ಬಟ್ಟಿ ಎಳಿ ಎಣಿಸಿ ಹಾಕೂದು. ಗವಂತಿ, ಮುರ್ಗಿ ಹೊಲಿಗಿ ಹಾಕಿದ್ರ ಹಿಂದಮುಂದ ಎರಡೂ ಕಡೆ ಒಂದ ಕಾಣಬೇಕು, ಎಲ್ಲೂ ಗಂಟು ಇರಬಾರದು. ಎಣಿಸೂ ಕೆಲಸ ಆಗಿದ್ದಕ್ಕ ಚುಕ್ಕಿಗೆ ಸರಳ ಇಳೀತೈತಿ. ಅಕಿ ಗೋಪುರ, ತುಳಸಿಕಟ್ಟಿ ಎರಡು ಆರಿಸಿ, ಚೌಕಳಿ ಹಾಳಿ ಮ್ಯಾಲ ಚುಕ್ಕಿ ಇಟ್ಟು ಕೊಟ್ಲು. ಆದ್ರ ಹಂಡೆ ಹೊಟ್ಟಿ ಗುಂಡಗ. ಚೌಕಳಿ ಹಾಳಿ ಅದಕ್ಕ ಸುತ್ತಿದ್ರ ಕಂಠದ ಹತ್ರ ಮಡಿಕಿ ಬೀಳತೈತಿ. ಕಾಕಾ ಹಾಳಿಯನ್ನ ಕಲ್ಲಂಗಡಿ ಹೋಳಿನಂಗ ಉದ್ದುದ್ದ ಕತ್ತರಿಸಿ, ಒಂದೊಂದ ಪಟ್ಟಿ ಅಂಟಿಸಿ, ಕಂಠದ ಕಡೆ ಚುಕ್ಕಿ ಒತ್ತೊತ್ತಾಗಿ, ಹೊಟ್ಟಿ ಕಡೆ ದೂರ ದೂರ ಮಾಡ್ಕೋತ ಹೋದ. ಆರುನೂರಾ ಚಿಲ್ಲರ ತೂತು, ಮೂರು ಮಿಲಿಮೀಟರಿನವು. ಎಲ್ಲಾ ಕೈ ಡ್ರಿಲ್ಲಿನಿಂದ.

ಮೊದಲನೇ ಸಲ ಹಚ್ಚಿದಾಗ ಗೋಪುರ ಕಾಣಲೇ ಇಲ್ಲ. ಗ್ವಾಡಿ ತುಂಬ ನಾಕ ನಾಕ ಗೆರಿಯ ಗೊಂಚಲು, ಯಾರೋ ಬಾಚಣಿಕಿ ಎಳದಂಗ. ನಾ ಅಂದ್ಕೊಂಡೆ, ಹೋತು, ಹಂಡೆನೂ ಹೋತು, ರೊಕ್ಕಾನೂ ಹೋತು. ಮಗಳು ಮಾತ್ರ ನಗಾಕ ಹತ್ತಿದ್ಲು. ಒಳಗ ಹಾಕಿದ್ದು ನಾಕು ಎಳಿಯ ಫಿಲಮೆಂಟ್ ಬಲ್ಬು. ಸಣ್ಣ ತೂತಿನ್ಯಾಗ ಹಾದ ಬೆಳಕು ತೂತಿನ ಆಕಾರ ಬಿಟ್ಟು ಬಲ್ಬಿನ ಆಕಾರಾನ ಗ್ವಾಡಿ ಮ್ಯಾಲ ಬರೀತೈತಿ. ಸಾಲ್ಯಾಗ ರಟ್ಟಿನ ಡಬ್ಬಿಗೆ ಸೂಜಿ ತೂತು ಹೊಡದು ಕ್ಯಾಮೆರಾ ಮಾಡಿದ್ವಲ್ಲ, ಅದ. ನಮ್ಮ ಹಂಡೆ ಆರುನೂರು ಕ್ಯಾಮೆರಾ ಆಗಿತ್ತು! ಆ ಬಲ್ಬು ತಗದು ಮೆಣಸಿನಕಾಳಿನಷ್ಟ ಸಣ್ಣ ಒಂಟಿ ಚಿಪ್ ಹಾಕಿದ್ರು. ಚಿಪ್ಪಿನ ಬಿಸಿ ಹೀರಾಕ ಅದನ್ನ ಹಂಡೆ ತಳಕ್ಕನ ಬಿಗಿದ್ರು, ತಾಮ್ರ ಅಂದ್ರ ಬಿಸಿ ಎಳಕೊಳ್ಳೂದರಾಗ ಎತ್ತಿದ ಕೈ. ಮತ್ತ ಹಚ್ಚಿದ್ರು. ಗ್ವಾಡಿ ಮ್ಯಾಲ ಗೋಪುರ ನಿಂತು. ಹಂಡೆ ಮ್ಯಾಲ ನಾಕು ಬೆರಳು ಇದ್ದದ್ದು ಗ್ವಾಡಿ ಮ್ಯಾಲ ಒಂದೂವರಿ ಫೂಟ್, ಒಂದೊಂದ ಹೊಲಿಗಿ ಎಣಸೂವಂಗ.

ಹಂಡೆ ಕೆಲಸದ ಮಜೂರಿ ₹4,500. ಬೀದಿಗೆ ಬಿದ್ದು ವಿಚಾರಿಸಿದ್ರ ಇದಕ್ಕಿಂತ ಸೋವಿ ಸಿಕ್ಕೀತು, ನಾ ವಿಚಾರಿಸಲಿಲ್ಲ.

ಒಂದು ಎಚ್ಚರಿಕಿ ಮಾತ್ರ ಹೇಳಲೇಬೇಕು. ಲೋಹದ ದೀಪಕ್ಕ ಮೂರು ವೈರ್ ಇರತಾವ, ಮೂರನೇದು ಹಸಿರು, ಅರ್ಥಿಂಗ್. ಶೆಡ್ಡಿನವ್ರು ಹಸಿರು ವೈರಿಗೆ ಚೀಟಿ ಕಟ್ಟಿ "ಇದನ್ನ ಬಿಡಬ್ಯಾಡ್ರಿ" ಅಂತ ಬರದು ಕಳಿಸಿದ್ರು. ನಮ್ಮೂರಾಗ ಫಿಟ್ಟಿಂಗ್ ಮಾಡಾಕ ಬಂದ ಹುಡುಗ ಆ ಚೀಟಿ ಸಮೇತ ವೈರ್ ಕತ್ತರಿಸಿ ಮಡಚಿ ಇಟ್ಟಿದ್ದ, "ಇದು ಬೇಕಾಗೂದಿಲ್ಲ ಅಣ್ಣಾರ" ಅಂತ. ಕೆಳಗ ಹಸೀ ಕೈ ತೊಳಿಯೂ ಮಂದಿ, ಮ್ಯಾಲ ತಾಮ್ರದ ಹಂಡೆ! ಮತ್ತ ಬಿಚ್ಚಿಸಿ ಹಾಕಿಸಿದೆ, ಎದುರಿಗೆ ನಿಂತು.

ಆರು ತಿಂಗಳ ಮ್ಯಾಲಾತು. ಲಕ್ಕುಂಡಿ ದೀಪಗಳನ್ನ ವಾರಕ್ಕೊಮ್ಮೆ ಬಿಸಿನೀರು, ಸೋಪಿನ ಅರಬಿಯಿಂದ ಒರಸ್ತೇವಿ, ಬಣ್ಣ ಎದ್ದಿಲ್ಲ. ಬಳಿ ಸಂದ್ಯಾಗ ಒರಸಾಕ ಮಾತ್ರ ತ್ರಾಸ, ಬ್ರಷ್ಷ ಬೇಕು. ಹಂಡೆಗೆ ತಾಮ್ರ ಕಪ್ಪಾಗಬಾರದಂತ ತಿಳಿ ವಾರ್ನಿಷ್ ಹೊಡದಿದ್ರು, ಹುಣಸಿಹಣ್ಣು ಮುಟ್ಟಿಸಬ್ಯಾಡ್ರಿ ಅಂತ ನೂರು ಸಲ ಹೇಳಿದ್ರು. ನಾಗರಪಂಚಮಿ ಹಿಂದಿನ ದಿನ ನಾ ಸಂತಿಗೆ ಹೋದಾಗ ಅವ್ವ ಸ್ಟೂಲ್ ಹಾಕಿಸಿ, ಹುಡುಗನ ಕಡೆ ಇಳಿಸಿ, ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕೇಬಿಟ್ಟಿದ್ಲು. ಒಂದು ಬಾಜೂ ಝಗಝಗ, ಇನ್ನೊಂದು ಬಾಜೂ ವಾರ್ನಿಷ್ ಸಿಪ್ಪಿ ಎದ್ದು ಹಾವಿನ ಪರಿ ಇದ್ದಂಗ. ಫೋಟೋ ಕಳಿಸಿದ್ರ ಕಾಕಾ "ಝಗಝಗ ಇದ್ದ ಬಾಜೂ ಗಿರಾಕಿ ಕಡೆ ಮಾಡಿ ತೂಗಿ ಹಾಕ್ರಿ" ಅಂದ.

ಮಾಸ್ತರು ಹೊಸ ದೀಪ ಬಂದ ದಿನ ತಾಟು ನೋಡಿ ಏನೂ ಅನ್ನಲಿಲ್ಲ, ಮೂರನೇ ರೊಟ್ಟಿ ಕೇಳಿದ್ರು. ಬ್ಯಾಡಗಿ ವ್ಯಾಪಾರಸ್ಥರ ಕಡೆ ನಾನ ಹೋಗಿ ಬಂದೆ, ಒಂದು ಡಬ್ಬಿ ರಂಜಕ ಒಯ್ದು ಕೊಟ್ಟೆ. ಅವ್ರು ಚಾ ಕುಡಿಸಿದ್ರು, ರೇಟ್ ಮಾತ್ರ ಕಡಿಮಿ ಮಾಡಲಿಲ್ಲ.

ಗೃಹಪ್ರವೇಶ ಬರೂ ಭಾನುವಾರ ಐತಿ, ನಾಳೆ ದೀಪ ಬೇಕು ಅನ್ನಾವ್ರು ಪ್ಯಾಟ್ಯಾಗ ಸಿದ್ಧ ಮಾಲು ತಗೊಳ್ಳೂದು ಚಲೋ. ಟೈಮ್ ಇದ್ದಾವ್ರು ಶೆಡ್ಡಿಗೆ ಹೋಗ್ರಿ, ಮಧ್ಯಾಹ್ನ ಮೂರರ ಮ್ಯಾಲ. ದೀಪ ಯಾವುದರ ಮ್ಯಾಲ ಬೀಳಬೇಕೋ ಅದನ್ನ ಜೋಡಿ ಒಯ್ರಿ. ನಾ ಹೋದಾಗ ಒಬ್ಬಾಕಿ ಇಳಕಲ್ ಸೀರಿ ತಂದಿದ್ಲು, ಇನ್ನೊಬ್ರು ತಮ್ಮ ಅಪ್ಪನ ಫೋಟೋ.

ಗಲ್ಲಾದ ಮ್ಯಾಲಿಂದು ಇನ್ನೊಂದು ದೀಪ ಹೇಳಿ ಎರಡು ತಿಂಗಳಾತು. ಫೋನ್ ಹಚ್ಚಿದ್ರ "ಬರೂ ಸೋಮವಾರ ಸಾವಕಾರ್ರ" ಅಂತಾರ. ಯಾವ ಸೋಮವಾರ ಅಂತ ಕೇಳೂದು ಬಿಟ್ಟೇನಿ.